ಹಾಂಗ್‌ಕಾಂಗ್‌ನವರು ‘ಹೂದೋಟ ಸುತ್ತಿಸಬೇಡ’ ಅಂದರೆ ಏನರ್ಥ?

ಪ್ರಶ್ನೆ: ಹಾಂಗ್‌ಕಾಂಗ್ ಸೀರಿಯಲ್‌ಗಳಲ್ಲಿ ಪೊಲೀಸರು ಆರೋಪಿಗೆ ‘ನನಗೆ ಹೂದೋಟ ಸುತ್ತಿಸಬೇಡ’ ಅಂತ ಗದರುತ್ತಾರೆ. ಸುಳ್ಳು ಹೇಳಬೇಡ ಅಂತಲೇ ಇದರರ್ಥವಾ?

ಉತ್ತರ: ಪೂರ್ತಿ ಹಾಗಲ್ಲ. ಹಾಂಗ್‌ಕಾಂಗ್‌ನವರು ಆಡುವ ಚೀನೀ ಭಾಷೆಯಾದ ಕ್ಯಾಂಟೊನೀಸ್‌ನಲ್ಲಿ ಇದು ‘ಯೌ ಫಾ ಯುನ್’. ಯೌ ಅಂದರೆ ಅಡ್ಡಾಡುವುದು, ಫಾ ಯುನ್ ಅಂದರೆ ಹೂದೋಟ. ಕೇಳಿದ್ದಕ್ಕೆ ಉತ್ತರ ಕೊಡದೆ, ಬೇಕಂತಲೇ ಮಾತನ್ನು ಸುತ್ತಿ ಬಳಸಿ ಎದುರಿನವರ ತಲೆ ಕೆಡಿಸಿದರೆ ‘ಹೂದೋಟ ಸುತ್ತಿಸಿದ’ ಅನ್ನುತ್ತಾರೆ.

ಸುಳ್ಳು ಹೇಳಿ ಮೋಸ ಮಾಡುವುದಕ್ಕೆ ಆ ಭಾಷೆಯಲ್ಲಿ ‘ಙಾಕ್’ ಅನ್ನುವ ಬೇರೆ ಮಾತೇ ಇದೆ. ಹೂದೋಟ ಸುತ್ತಿಸುವವನು ಒಂದೂ ಸುಳ್ಳು ಹೇಳದೆ ಇರಬಹುದು. ‘ನಿನ್ನೆ ರಾತ್ರಿ ಎಲ್ಲಿದ್ದೆ?’ ಅಂತ ಕೇಳಿದರೆ, ನಿನ್ನೆ ಮಳೆ ಬಂತು, ಬಸ್ ತಡವಾಯಿತು, ಗೆಳೆಯನ ಫೋನ್ ಬಂತು ಅನ್ನುತ್ತಾನೆ. ಎಲ್ಲವೂ ನಿಜವೇ. ಎಲ್ಲಿದ್ದ ಅನ್ನುವುದು ಮಾತ್ರ ಬಾಯಿಂದ ಬರುವುದಿಲ್ಲ. ಹೀಗೆ ನಿಜವನ್ನೇ ಹೇಳುತ್ತಾ ಕಣ್ಣಿಗೆ ಮಣ್ಣೆರಚುವುದನ್ನು ಹಿಡಿದು ತೋರಿಸಲು ಇಷ್ಟು ನೇರವಾದ ಮಾತು ಇರುವುದು ದೊಡ್ಡ ವಿಷಯ, ಅಲ್ವಾ?

ಆ ಕಡೆಯ ಹಳೆಯ ತೋಟಗಳನ್ನು ನೋಡಿದರೆ ಚಿತ್ರ ಇನ್ನೂ ಸ್ಪಷ್ಟವಾಗುತ್ತದೆ. ದಕ್ಷಿಣ ಚೀನಾದ ಗ್ವಾಂಗ್‌ಝೌ ನಗರದ ಪಾನ್ಯು ಜಿಲ್ಲೆಯಲ್ಲಿ 19ನೇ ಶತಮಾನದ ಯುಯಿನ್ ಶಾನ್‌ಫಾಂಗ್ ಅನ್ನುವ ತೋಟವಿದೆ. ಜಾಗ ಚಿಕ್ಕದು. ಆದರೆ ಗೋಡೆ, ಕೊಳ, ಸೇತುವೆ, ತಿರುವುಗಳನ್ನು ಹೇಗೆ ಜೋಡಿಸಿದ್ದಾರೆ ಅಂದರೆ ಇಡೀ ತೋಟ ಒಂದೇ ನೋಟಕ್ಕೆ ಸಿಗುವುದಿಲ್ಲ. ನುಡಿಗಟ್ಟು ಅಲ್ಲೇ ಹುಟ್ಟಿತು ಅಂತ ನಾನು ಹೇಳುತ್ತಿಲ್ಲ. ಅಂಥ ಕಡೆ ನಡೆದವರಿಗೆ ಅದು ಸುಲಭವಾಗಿ ಅರ್ಥವಾಗುತ್ತದೆ, ಅಷ್ಟೇ.

ಈ ಮಾತು ಸೀರಿಯಲ್‌ಗಳಿಗಷ್ಟೇ ಸೀಮಿತವಲ್ಲ. ಹಾಂಗ್‌ಕಾಂಗ್‌ನಲ್ಲಿ 1974ರಲ್ಲಿ ಚೀನೀ ಭಾಷೆಗೆ ಇಂಗ್ಲಿಷ್ ಜೊತೆ ಅಧಿಕೃತ ಸ್ಥಾನ ಸಿಕ್ಕಿತು. ಈಗ ಅಲ್ಲಿನ ಶಾಸನಸಭೆಯ ಚರ್ಚೆ ಹೆಚ್ಚಾಗಿ ಕ್ಯಾಂಟೊನೀಸ್‌ನಲ್ಲೇ ನಡೆಯುತ್ತದೆ. ಹಾಗಾಗಿ ಖರ್ಚೆಷ್ಟು ಅಂತ ಕೇಳಿದರೆ ಯೋಜನೆಯ ಹಿನ್ನೆಲೆ ಹೇಳುವ ಅಧಿಕಾರಿಗಳ ಮೇಲೂ ಹೂದೋಟ ಸುತ್ತಿಸುವ ಆರೋಪ ಬರುತ್ತದೆ.

ಒಂದು ಎಚ್ಚರಿಕೆ. ಸುಮ್ನೆ ಜಾಸ್ತಿ ಮಾತಾಡುವವರಿಗೆ ಇದನ್ನು ಬಳಸಬೇಡಿ. ಅವರಿಗೆ ‘ಛೋಂಗ್ ಹೇ’, ಅಂದರೆ ‘ಉದ್ದ ಉಸಿರು’ ಅನ್ನುತ್ತಾರೆ. ಹೂದೋಟದ ಮಾತಿನಲ್ಲಿ ‘ನೀನು ಬೇಕಂತಲೇ ಮುಚ್ಚಿಡುತ್ತಿದ್ದೀಯ’ ಅನ್ನುವ ಆರೋಪ ಇದ್ದೇ ಇರುತ್ತದೆ. ಹಿರಿಯರ ಮುಂದೆ, ಆಫೀಸಿನಲ್ಲಿ ಅದು ಒರಟಾಗಿ ಕೇಳಿಸುತ್ತದೆ. ಅಲ್ಲಿ ಮುಖ್ಯವಾದದ್ದು ಯಾವುದು ಅಂತ ನೇರವಾಗಿ, ಮೆಲ್ಲಗೆ ಕೇಳುವುದು ಒಳ್ಳೆಯದು.