ಸಂತೆಯ ಜಾಗ ಬಾಡಿಗೆಯದು, ಗಿರಾಕಿ ಪುಸ್ತಕ ನಮ್ಮದು: ಸೋಶಿಯಲ್ ಮೀಡಿಯಾ ಪ್ರಚಾರದ ಟಿಪ್ಪಣಿ

ನಾವು ಒಟ್ಟಿಗೆ ಓದುತ್ತಿರುವ ಸೋಶಿಯಲ್ ಮೀಡಿಯಾ ಪ್ರಚಾರದ ಪಾಠದಲ್ಲಿ ಹೊಸ ಪದಗಳು ಜಾಸ್ತಿ ಇವೆ. ರೀಚ್ (ಪೋಸ್ಟ್ ಎಷ್ಟು ಜನರಿಗೆ ಮುಟ್ಟಿತು), ಎಂಗೇಜ್‌ಮೆಂಟ್ (ಎಷ್ಟು ಜನ ಲೈಕ್, ಕಮೆಂಟ್ ಮಾಡಿದರು), ಕನ್ವರ್ಷನ್ (ಎಷ್ಟು ಜನ ಕೊಂಡರು) ಅಂತ ಪುಟದ ತುಂಬಾ. ಪರೀಕ್ಷೆಗೆ ಅವೆಲ್ಲ ಬೇಕು, ನಿಜ. ಆದರೆ ನನಗೆ ವಿಷಯ ತಲೆಗೆ ಹೋಗಿದ್ದು ಸಂತೆಯನ್ನು ನೆನಪಿಸಿಕೊಂಡಾಗ. ಅದಕ್ಕೇ ಅಲ್ಲಿಂದಲೇ ಶುರು ಮಾಡುತ್ತೇನೆ.

ಸಂತೆಯಲ್ಲಿ ಒಬ್ಬಾಕೆ ಗೋಣಿತಟ್ಟು ಹಾಸಿ ಸೊಪ್ಪು ಹರಡಿಕೊಂಡು ಕೂತಿದ್ದಾಳೆ ಅಂದುಕೊಳ್ಳಿ. ಆ ನೆಲ ಅವಳದಲ್ಲ, ಪಂಚಾಯಿತಿಯದು. ಸುಂಕ ಕಟ್ಟಿದರೆ ಆ ದಿನ ಕೂರಬಹುದು. ಮುಂದಿನ ವಾರ ಅದೇ ಜಾಗ ಸಿಗುತ್ತದೆ ಅಂತ ಏನೂ ಇಲ್ಲ. ಆದರೂ ಅವಳ ಸೊಪ್ಪು ಹನ್ನೊಂದು ಗಂಟೆಯೊಳಗೆ ಖಾಲಿ. ಯಾಕೆಂದರೆ ಅವಳಿಗೆ ಖಾಯಂ ಗಿರಾಕಿಗಳಿದ್ದಾರೆ. ಅವಳು ಎಲ್ಲಿ ಕೂತರೂ ಹುಡುಕಿಕೊಂಡು ಬರುತ್ತಾರೆ. ಯಾರಿಗೆ ಮೆಂತ್ಯೆ ಬೇಕು, ಯಾರಿಗೆ ಪುಂಡಿಪಲ್ಲೆ ಬೇಕು ಅಂತ ಅವಳಿಗೂ ಗೊತ್ತು.

ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್ ಎಲ್ಲವೂ ಅಂಥ ಸಂತೆ ನೆಲ. ಜನ ಸೇರುವ ಜಾಗ, ಆದರೆ ನಮ್ಮದಲ್ಲ. ಅಲ್ಲಿ ಸಿಕ್ಕ ಜನರನ್ನು ನಮ್ಮ ಖಾಯಂ ಗಿರಾಕಿ ಮಾಡಿಕೊಳ್ಳುವುದೇ ಇಡೀ ಕೆಲಸ. ಉಳಿದದ್ದೆಲ್ಲ ಅದಕ್ಕೆ ದಾರಿ. ಈ ಟಿಪ್ಪಣಿಯಲ್ಲಿ ಬೇರೇನು ಮರೆತರೂ ಇದೊಂದನ್ನು ಮರೆಯಬೇಡಿ.

ನೆಲ ನಮ್ಮದಲ್ಲ ಅನ್ನುವುದಕ್ಕೆ ಮೂರು ದಿನಾಂಕ

ಇವು ಪರೀಕ್ಷೆಗೂ ಉಪಯೋಗಕ್ಕೆ ಬರುತ್ತವೆ.

ಮೊದಲನೆಯದು 2018ರ ಜನವರಿ. ಅದಕ್ಕೆ ಮೊದಲು ಸಣ್ಣ ವ್ಯಾಪಾರಿಗಳು ಫೇಸ್‌ಬುಕ್ ಪೇಜ್ ಮಾಡಿ, ವರ್ಷಗಟ್ಟಲೆ ಕಷ್ಟಪಟ್ಟು ಫಾಲೋವರ್‌ಗಳನ್ನು ಸೇರಿಸಿಕೊಂಡಿದ್ದರು. ಆ ತಿಂಗಳು ಕಂಪನಿ ಒಂದು ಬದಲಾವಣೆ ಹೇಳಿತು. ಇನ್ನು ಮುಂದೆ ಜನರಿಗೆ ಅವರ ಗೆಳೆಯರ, ಮನೆಯವರ ಪೋಸ್ಟ್‌ಗಳು ಮೊದಲು ಕಾಣುತ್ತವೆ, ವ್ಯಾಪಾರದ ಪೇಜ್‌ಗಳ ಪೋಸ್ಟ್ ಕಡಿಮೆ ಕಾಣುತ್ತದೆ ಅಂತ. ಫಾಲೋವರ್‌ಗಳ ಸಂಖ್ಯೆ ಹಾಗೇ ಇತ್ತು. ಅವರ ಕಣ್ಣಿಗೆ ಬೀಳುವುದು ಮಾತ್ರ ಕಡಿಮೆಯಾಯಿತು. ದುಡ್ಡು ಕೊಡದೆ ಎಷ್ಟು ಜನರಿಗೆ ಪೋಸ್ಟ್ ಮುಟ್ಟುತ್ತದೋ ಅದಕ್ಕೆ ಆರ್ಗ್ಯಾನಿಕ್ ರೀಚ್ ಅನ್ನುತ್ತಾರೆ. ಆ ಪದದ ಬೆಲೆ ಗೊತ್ತಾಗಬೇಕಾದರೆ ಈ ಘಟನೆ ನೆನಪಿಡಿ.

ಎರಡನೆಯದು 2020ರ ಜೂನ್ 29. ಅಂದು ಭಾರತ ಸರ್ಕಾರ ಟಿಕ್‌ಟಾಕ್ ಸೇರಿ 59 ಚೀನೀ ಆ್ಯಪ್‌ಗಳನ್ನು ನಿಷೇಧಿಸಿತು. ನಿರ್ಧಾರ ಸರಿಯೋ ತಪ್ಪೋ ಅನ್ನುವುದು ಇಲ್ಲಿನ ವಿಷಯವಲ್ಲ. ಲಕ್ಷಗಟ್ಟಲೆ ಫಾಲೋವರ್ ಇದ್ದ ಖಾತೆಗಳು ನಮ್ಮ ದೇಶದಲ್ಲಿ ಕೆಲವೇ ದಿನಗಳಲ್ಲಿ ಇಲ್ಲವಾದವು. ಮುಂದಿನ ತಿಂಗಳೇ ಇನ್‌ಸ್ಟಾಗ್ರಾಂ ಭಾರತದಲ್ಲಿ ರೀಲ್ಸ್ ತಂದಿತು, ಟಿಕ್‌ಟಾಕ್‌ನಂಥದೇ ಚಿಕ್ಕ ವಿಡಿಯೋಗಳು. ಎಲ್ಲರೂ ಅಲ್ಲಿ ಸೊನ್ನೆಯಿಂದ ಶುರು ಮಾಡಬೇಕಾಯಿತು. ತಮ್ಮ ಗಿರಾಕಿಗಳ ಫೋನ್ ನಂಬರ್ ಬರೆದಿಟ್ಟುಕೊಂಡಿದ್ದವರಿಗೆ ನಷ್ಟ ಕಡಿಮೆ.

ಮೂರನೆಯದು 2021ರ ಅಕ್ಟೋಬರ್ 4. ನಮ್ಮಲ್ಲಿ ರಾತ್ರಿ ಒಂಬತ್ತರ ಸುಮಾರಿಗೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸಾಪ್ ಮೂರೂ ಒಟ್ಟಿಗೆ ನಿಂತವು. ಸುಮಾರು ಆರು ಗಂಟೆ ಹಾಗೇ ಇತ್ತು. ಯಾರೂ ಹ್ಯಾಕ್ ಮಾಡಿರಲಿಲ್ಲ. ಕಂಪನಿಯ ಒಳಗಿನ ನೆಟ್‌ವರ್ಕ್ ದುರಸ್ತಿ ಕೆಲಸದಲ್ಲಿ ಆದ ಒಂದು ತಪ್ಪು, ಅಷ್ಟೇ. ಮೂರಕ್ಕೂ ಒಡೆಯ ಒಬ್ಬನೇ ಆದ್ದರಿಂದ ಮೂರೂ ಒಟ್ಟಿಗೆ ಹೋದವು. ನಾವು ಮೂರು ಕಡೆ ಅಂಗಡಿ ಹಾಕಿದ್ದೇವೆ ಅಂದುಕೊಂಡಿರುತ್ತೇವೆ, ನಿಜದಲ್ಲಿ ಅದು ಒಂದೇ ಸಂತೆ.

ಐಸ್ ಬಕೆಟ್ ಚಾಲೆಂಜ್: ದಾನ ಕೂಡಿಸುವ ಸಂಸ್ಥೆಗಳಿಗೆ ದೊಡ್ಡ ಉದಾಹರಣೆ

2014ರ ಬೇಸಿಗೆಯಲ್ಲಿ ಅಮೆರಿಕದಲ್ಲಿ ಶುರುವಾದ ಇದನ್ನು ನೀವೂ ನೋಡಿರುತ್ತೀರಿ. ತಲೆ ಮೇಲೆ ಒಂದು ಬಕೆಟ್ ಐಸ್ ನೀರು ಸುರಿದುಕೊಳ್ಳಬೇಕು. ವಿಡಿಯೋ ಹಾಕಿ ಇನ್ನು ಮೂವರ ಹೆಸರು ಹೇಳಬೇಕು. ಅವರು 24 ಗಂಟೆಯೊಳಗೆ ನೀರು ಸುರಿದುಕೊಳ್ಳಬೇಕು, ಇಲ್ಲವೇ ದಾನ ಕೊಡಬೇಕು. ತುಂಬಾ ಜನ ಎರಡನ್ನೂ ಮಾಡಿದರು. ದುಡ್ಡು ಹೋಗಿದ್ದು ಎಎಲ್‌ಎಸ್ ಅನ್ನುವ ಕಾಯಿಲೆಯ ಸಂಶೋಧನೆಗೆ, ರೋಗಿಗಳ ಆರೈಕೆಗೆ. ಈ ಕಾಯಿಲೆಯಲ್ಲಿ ಸ್ನಾಯುಗಳನ್ನು ಆಡಿಸುವ ನರಕೋಶಗಳು ಒಂದೊಂದಾಗಿ ಸಾಯುತ್ತಾ ಹೋಗುತ್ತವೆ. ಕೈಕಾಲು, ಮಾತು, ಕೊನೆಗೆ ಉಸಿರು. ಪೀಟ್ ಫ್ರೇಟ್ಸ್, ಪ್ಯಾಟ್ ಕ್ವಿನ್ ಎಂಬ ಇಬ್ಬರು ರೋಗಿಗಳು ಇದನ್ನು ದೊಡ್ಡದಾಗಿ ಹಬ್ಬಿಸಿದರು. ಇಬ್ಬರೂ ಈಗ ಇಲ್ಲ.

ಅಮೆರಿಕದ ಎಎಲ್‌ಎಸ್ ಅಸೋಸಿಯೇಷನ್‌ಗೆ ಕೆಲವೇ ವಾರಗಳಲ್ಲಿ ಬಂದ ಹಣ 11.5 ಕೋಟಿ ಡಾಲರ್. ಅದರ ನೆರವು ಪಡೆದ ಸಂಶೋಧಕರು 2016ರಲ್ಲಿ ಕಾಯಿಲೆಗೆ ಸಂಬಂಧಿಸಿದ ನೆಕ್1 ಎಂಬ ಜೀನ್ ಪತ್ತೆ ಮಾಡಿದರು. ಒಂದು ಬಕೆಟ್ ನೀರಿನಿಂದ ಲ್ಯಾಬ್‌ವರೆಗೆ ಹೋದ ದಾರಿ ಇದು. ಓದುವಾಗ ನನಗೆ ಮೈ ಜುಮ್ ಅಂದಿತು.

ಇದು ಗೆದ್ದಿದ್ದು ಹೇಗೆ? ಕೇಳಿದ ಕೆಲಸ ಸಣ್ಣದು. ಯಾರು ಮಾಡಬೇಕು ಅಂತ ಹೆಸರು ಹಿಡಿದು ಕರೆದಿದ್ದಾರೆ. ಗಡುವು ಇದೆ. "ಎಲ್ಲರೂ ಸಹಾಯ ಮಾಡಿ" ಅಂದರೆ ಯಾರೂ ಏಳುವುದಿಲ್ಲ. "ನೀನು, ನಾಳೆಯೊಳಗೆ, ಇಷ್ಟು ಮಾಡು" ಅಂದರೆ ಏಳುತ್ತಾರೆ. ಅದೇ ವರ್ಷದ ಆಗಸ್ಟ್‌ನಲ್ಲಿ ಹೈದರಾಬಾದಿನ ಪತ್ರಕರ್ತೆ ಮಂಜುಲತಾ ಕಲಾನಿಧಿ ಇದನ್ನು ನಮ್ಮ ನೆಲಕ್ಕೆ ತಕ್ಕಂತೆ ಬದಲಿಸಿದರು. ಅವರದು ರೈಸ್ ಬಕೆಟ್ ಚಾಲೆಂಜ್. ನೀರು ಸುರಿದುಕೊಳ್ಳುವ ಬದಲು ಹತ್ತಿರದ ಬಡವರಿಗೆ ಒಂದು ಬಕೆಟ್ ಅಕ್ಕಿ ಕೊಡಿ, ಫೋಟೋ ಹಾಕಿ ಅಂದರು. ನೀರಿಗೆ ಬರ ಇರುವ ಕಡೆ ಇದು ಎಷ್ಟು ಸರಿಯಾದ ಯೋಚನೆ ಅಲ್ವಾ? ಬೇರೆಯವರ ಐಡಿಯಾ ತೆಗೆದುಕೊಳ್ಳುವುದಾದರೆ ಹೀಗೆ ತೆಗೆದುಕೊಳ್ಳಬೇಕು.

ಆದರೆ ಕಥೆಯ ಇನ್ನೊಂದು ಭಾಗವನ್ನೂ ಬರೆದುಕೊಳ್ಳಿ. ಮರುವರ್ಷ ಮತ್ತೆ ಚಾಲೆಂಜ್ ನಡೆಸಿದಾಗ ಬಂದ ಹಣ ಮೊದಲ ಸಲದ ಒಂದು ಚಿಕ್ಕ ಪಾಲು ಮಾತ್ರ. ಮೊದಲ ಸಲ ಕೊಟ್ಟವರಲ್ಲಿ ಎಷ್ಟೋ ಜನ ಗೆಳೆಯ ಕರೆದ ಅಂತ ಬಂದವರು. ಬಂದವರೆಲ್ಲ ನಿಲ್ಲುವುದಿಲ್ಲ. ಅವರನ್ನು ನಿಲ್ಲಿಸಿಕೊಳ್ಳುವುದು ಬೇರೆಯೇ ಕೆಲಸ.

ಒಂದು ಲೆಕ್ಕ

ನಿಲ್ಲಿಸಿಕೊಳ್ಳುವುದು ಯಾಕೆ ಮುಖ್ಯ ಅಂತ ಲೆಕ್ಕದಲ್ಲೇ ನೋಡೋಣ. ಅಂಕಿಗಳು ಸುಮ್ನೆ ಉದಾಹರಣೆಗೆ.

1000 ರೂಪಾಯಿ ಕೊಟ್ಟು ಒಂದು ಪೋಸ್ಟ್ ಬೂಸ್ಟ್ ಮಾಡಿದಿರಿ, ಅಂದರೆ ದುಡ್ಡು ಕೊಟ್ಟು ಹೆಚ್ಚು ಜನರಿಗೆ ಕಾಣುವ ಹಾಗೆ ಮಾಡಿದಿರಿ. 40 ಜನ ಮೆಸೇಜ್ ಮಾಡಿ ವಿಚಾರಿಸಿದರು. 8 ಜನ ಕೊಂಡರು. ಅಂದರೆ ಒಬ್ಬ ಗಿರಾಕಿಯನ್ನು ತರಲು ಬಿದ್ದ ಖರ್ಚು 125 ರೂಪಾಯಿ. ಒಂದು ಆರ್ಡರ್‌ನಲ್ಲಿ ನಿಮಗೆ ಉಳಿಯುವುದು 90 ರೂಪಾಯಿ ಅಂತಿಟ್ಟುಕೊಳ್ಳಿ. ಎಂಟು ಆರ್ಡರ್‌ಗೆ 720. ಒಟ್ಟು 280 ರೂಪಾಯಿ ಕೈಯಿಂದ ಹೋಯಿತು. ಪೋಸ್ಟ್‌ಗೆ ಐನೂರು ಲೈಕ್ ಬಂದಿದ್ದರೂ ಇದು ನಷ್ಟವೇ.

ಈಗ ಆ ಎಂಟರಲ್ಲಿ ನಾಲ್ಕು ಜನ ಮುಂದಿನ ತಿಂಗಳು ಮತ್ತೆ ತರಿಸಿಕೊಂಡರು ಅನ್ನಿ. ಈ ಸಲ ಜಾಹೀರಾತು ಖರ್ಚಿಲ್ಲ. 360 ಬಂತು, ಹಳೆಯ ನಷ್ಟ ತೀರಿ 80 ಉಳಿಯಿತು. ಮೂರನೇ ತಿಂಗಳಿಂದ ಬರುವುದೆಲ್ಲ ಲಾಭ. ಸಣ್ಣ ವ್ಯಾಪಾರದ ಲಾಭ ಇರುವುದು ಎರಡನೇ ಆರ್ಡರ್‌ನಲ್ಲಿ. ಮೊದಲನೆಯದು ಪರಿಚಯದ ಖರ್ಚು.

ಇಲ್ಲೇ ಇನ್ನೊಂದು ಮಾತು. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಜಾಹೀರಾತು ಒಂದು ಹರಾಜು. ಆದರೆ ಹೆಚ್ಚು ದುಡ್ಡು ಕೂಗಿದವರೇ ಗೆಲ್ಲುತ್ತಾರೆ ಅಂತಿಲ್ಲ. ನೀವು ಕೂಗಿದ ಬೆಲೆ, ನೋಡಿದವರು ನೀವು ಬಯಸಿದ್ದನ್ನು ಮಾಡುವ ಸಾಧ್ಯತೆ, ಜಾಹೀರಾತಿನ ಗುಣಮಟ್ಟ, ಮೂರನ್ನೂ ಸೇರಿಸಿ ನೋಡುತ್ತಾರೆ. ಹಾಗಾಗಿ ಸರಿಯಾದ ಜನರಿಗೆ ತೋರಿಸಿದ ಒಳ್ಳೆಯ ಜಾಹೀರಾತು ಕಡಿಮೆ ದುಡ್ಡಿಗೂ ಗೆಲ್ಲಬಹುದು. "ಇಡೀ ಭಾರತ" ಅಂತ ಆರಿಸಿ ಬೂಸ್ಟ್ ಒತ್ತುವುದು ದುಡ್ಡನ್ನು ಹೊಳೆಗೆ ಹಾಕಿದಂತೆ. ನೀವು ಕೊರಿಯರ್ ಕಳಿಸುವ ಊರುಗಳನ್ನಷ್ಟೇ ಆರಿಸಿ.

ಪೋಸ್ಟ್ ಹೇಗಿರಬೇಕು: ಚಿಗವ್ವನಿಂದ ಕಲಿತದ್ದು

ಧಾರವಾಡದ ಹತ್ತಿರದ ಹಳ್ಳಿಯಲ್ಲಿರುವ ನಮ್ಮ ಚಿಗವ್ವ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಮಾಡಿ ಮಾರುತ್ತಾಳೆ. ಪೇಜ್ ನೋಡಿಕೊಳ್ಳುವುದು ನಾನು. ಮೊದಮೊದಲು ನಾನು ಸಿನಿಮಾ ಹಾಡು ಹಾಕಿ, ಹೂವಿನ ಡಿಸೈನ್ ಹಾಕಿ, ಪುಸ್ತಕದ ಕನ್ನಡದಲ್ಲಿ ಬರೆಯುತ್ತಿದ್ದೆ. ಒಂದು ರೀಲ್‌ನ ಸದ್ದನ್ನೇ ತೆಗೆದುಹಾಕಿದರು, ಹಾಡಿನ ಹಕ್ಕು ನಮ್ಮದಲ್ಲ ಅಂತ. ವ್ಯಾಪಾರದ ಪ್ರಚಾರಕ್ಕೆ ಸಿನಿಮಾ ಹಾಡು ಬಳಸಲು ಹಕ್ಕುದಾರರ ಅನುಮತಿ ಬೇಕು ಅನ್ನುವುದು ನನಗೆ ಗೊತ್ತಾಗಿದ್ದೇ ಆಗ.

ಚಿಗವ್ವ ಅಂದಳು, "ಹಾಡು ಯಾಕ ಬೇಕವಾ? ರೊಟ್ಟಿ ಬಡಿಯೂ ಸಪ್ಪಳ ಕೇಳಸು, ಸಾಕು."

ಹಾಗೇ ಮಾಡಿದೆ. ಕೊಣಮಿಗೆಯಲ್ಲಿ ಹಿಟ್ಟು ನಾದುವುದು, ಆಮೇಲೆ ಬಡಿಯುವ ಪಟಪಟ ಸಪ್ಪಳ, ಹಂಚಿನ ಮೇಲೆ ನೀರು ಸವರುವುದು. ಅಷ್ಟೇ. ಕೆಳಗೆ ಅವಳದೇ ಮಾತು: "ಡಬ್ಬಿ ಮುಚ್ಚಿ ಇಡ್ರಿ, ಥಂಡಿ ಹತ್ತಿದ್ರ ಮೆತ್ತಗಾಗ್ತಾವ." ಬೆಂಗಳೂರಿನಿಂದ, ಪುಣೆಯಿಂದ ನಮ್ಮ ಕಡೆಯವರು ಕಮೆಂಟ್ ಮಾಡಿದರು. ಒಬ್ಬರು ಬರೆದದ್ದು, "ನಮ್ಮವ್ವನ ಅಡಗಿಮನಿ ನೆನಪಾತ್ರಿ." ಅವರು ಇವತ್ತಿಗೂ ರೊಟ್ಟಿ ತರಿಸುತ್ತಾರೆ. ಊರು ಬಿಟ್ಟು ಹೋದವರಿಗೆ ಆ ಸಪ್ಪಳ ಎಷ್ಟು ದೊಡ್ಡದು ಅಂತ ಊರಲ್ಲೇ ಇರುವ ನನಗೆ ಹೊಳೆದಿರಲಿಲ್ಲ.

ಬೆಲೆಯನ್ನು ಪೋಸ್ಟ್‌ನಲ್ಲೇ ಬರೆಯಿರಿ. "ಬೆಲೆಗೆ ಮೆಸೇಜ್ ಮಾಡಿ" ಅಂತ ಹಾಕಿದರೆ ಅರ್ಧ ಜನ ಅಲ್ಲೇ ಬಿಟ್ಟು ಹೋಗುತ್ತಾರೆ ಅನ್ನುವುದು ನನ್ನ ಅನುಭವ. ತೂಕ ಎಷ್ಟು, ಒಂದು ಕಟ್ಟಿಗೆ ಎಷ್ಟು ರೊಟ್ಟಿ, ಕೊರಿಯರ್ ಖರ್ಚು ಬೇರೆಯೋ ಸೇರಿಯೋ, ಎಲ್ಲ ಇರಲಿ. ದಿನಕ್ಕೆ ಮೂರು ಪೋಸ್ಟ್ ಹಾಕಬೇಕಾಗಿಲ್ಲ. ವಾರಕ್ಕೆ ಎರಡು ಹಾಕಿ, ಆದರೆ ಬಿಡದೆ ಹಾಕಿ.

ತಪ್ಪಾದಾಗ ಏನು ಮಾಡಬೇಕು ಅನ್ನುವುದು ಪಾಠದಲ್ಲಿ ಎರಡೇ ಸಾಲು ಇದೆ. ನನಗೆ ಅದೇ ದೊಡ್ಡ ವಿಷಯ ಅನಿಸುತ್ತದೆ. ಒಂದು ಸಲ ರೊಟ್ಟಿ ದಾರಿಯಲ್ಲಿ ಚೂರುಚೂರಾಗಿ ಮುಟ್ಟಿತು. ಗಿರಾಕಿ ಫೋಟೋ ಸಮೇತ ಪೇಜ್‌ನಲ್ಲೇ ಹಾಕಿದರು. ಕಮೆಂಟ್ ಅಳಿಸಿಬಿಡೋಣ ಅಂತ ನನಗೂ ಅನಿಸಿತು. ಚಿಗವ್ವ ಬಿಡಲಿಲ್ಲ. ಎಲ್ಲರಿಗೂ ಕಾಣುವ ಹಾಗೆ ಕ್ಷಮೆ ಕೇಳಿದೆವು, ಬೇರೆ ಕಟ್ಟು ಕಳಿಸಿದೆವು, ಗಟ್ಟಿ ಡಬ್ಬಿಗೆ ಬದಲಾದೆವು. ಆ ಗಿರಾಕಿ ಅದೇ ಕಮೆಂಟ್ ಕೆಳಗೆ "ಮುಟ್ಟಿತು, ಚೆನ್ನಾಗಿದೆ" ಅಂತ ಬರೆದರು. ನಮ್ಮ ಯಾವ ಜಾಹೀರಾತೂ ಆ ಒಂದು ಸಾಲಿನಷ್ಟು ಕೆಲಸ ಮಾಡಿಲ್ಲ.

ಸಂತೆಯಿಂದ ಪುಸ್ತಕಕ್ಕೆ

ವಾಟ್ಸಾಪ್ ಬಿಸಿನೆಸ್ ಆ್ಯಪ್ 2018ರ ಜನವರಿಯಲ್ಲಿ ಬಂತು. ಉಚಿತ. ಅದರಲ್ಲಿ ಕ್ಯಾಟಲಾಗ್ (ಸಾಮಾನಿನ ಫೋಟೋ, ಬೆಲೆ ಇರುವ ಪಟ್ಟಿ) ಮಾಡಬಹುದು, ಗಿರಾಕಿಗಳಿಗೆ ಲೇಬಲ್ ಹಚ್ಚಬಹುದು. "ಹೊಸಬರು", "ದುಡ್ಡು ಬರಬೇಕು", "ಪ್ರತಿ ತಿಂಗಳು" ಅಂತ ನಾವು ಮೂರು ಲೇಬಲ್ ಇಟ್ಟಿದ್ದೇವೆ.

ಒಂದೇ ಮೆಸೇಜನ್ನು ತುಂಬಾ ಜನರಿಗೆ ಬೇರೆಬೇರೆಯಾಗಿ ಕಳಿಸುವ ಬ್ರಾಡ್‌ಕಾಸ್ಟ್ ಲಿಸ್ಟ್‌ನಲ್ಲಿ ಒಂದು ಸೂಕ್ಷ್ಮ ಇದೆ, ಗಮನಿಸಿ. ಒಂದು ಲಿಸ್ಟ್‌ನಲ್ಲಿ 256 ಜನರನ್ನು ಸೇರಿಸಬಹುದು. ಆದರೆ ನಿಮ್ಮ ನಂಬರನ್ನು ತಮ್ಮ ಫೋನ್‌ನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಮೆಸೇಜ್ ಮುಟ್ಟುತ್ತದೆ. ನೀವು ಅವರ ನಂಬರ್ ಇಟ್ಟುಕೊಂಡರೆ ಸಾಲದು. ಅದಕ್ಕೇ ಪ್ರತಿ ಕಟ್ಟಿನ ಜೊತೆ ಒಂದು ಚೀಟಿ ಇಡುತ್ತೇವೆ: "ನಮ್ಮ ನಂಬರ್ ಸೇವ್ ಮಾಡ್ಕೊಳ್ರಿ, ಹೊಸ ಚಟ್ನಿ ಮಾಡಿದಾಗ ತಿಳಸ್ತೀವಿ."

ಇದರ ಜೊತೆ ಕಾಗದದ ಪುಸ್ತಕವೂ ಇರಲಿ. ಹೆಸರು, ಊರು, ನಂಬರ್, ಏನು ಕೊಂಡರು, ಯಾವಾಗ, ನಮ್ಮ ಬಗ್ಗೆ ಎಲ್ಲಿ ಕೇಳಿದರು. ಕೊನೆಯ ಕಲಂ ತುಂಬಾ ಜನ ಬಿಟ್ಟುಬಿಡುತ್ತಾರೆ. ಯಾವ ಸಂತೆಯಿಂದ ಗಿರಾಕಿ ಬರುತ್ತಿದ್ದಾರೆ ಅಂತ ತಿಳಿಯುವುದೇ ಅದರಿಂದ. ಮೆಸೇಜ್ ಕಳಿಸಬಹುದಾ ಅಂತ ಕೇಳಿ ಒಪ್ಪಿದವರ ನಂಬರ್ ಮಾತ್ರ ಲಿಸ್ಟ್‌ಗೆ ಹಾಕಿ. 2023ರಲ್ಲಿ ನಮ್ಮ ದೇಶದಲ್ಲಿ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾಯ್ದೆ ಆಗಿದೆ, ಅದರ ಬುಡವೇ ಈ ಒಪ್ಪಿಗೆ. ಬೇಡ ಅಂದವರನ್ನು ಅವತ್ತೇ ತೆಗೆಯಿರಿ.

ನಿಯಮಗಳು, ಚಿಕ್ಕದಾಗಿ

ಮನೆಯಲ್ಲೇ ಮಾಡಿ ಮಾರಿದರೂ ತಿನ್ನುವ ಪದಾರ್ಥಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. 14 ಅಂಕಿಯ ನಂಬರನ್ನು ಕಟ್ಟಿನ ಮೇಲೆ ಹಾಕಬೇಕು. ಅದರ ಫೋಟೋ ಪೇಜ್‌ನಲ್ಲೂ ಇದ್ದರೆ ಹೊಸಬರಿಗೆ ಧೈರ್ಯ ಬರುತ್ತದೆ.

ದುಡ್ಡು ಅಥವಾ ಉಚಿತ ಸಾಮಾನು ಪಡೆದು ನಿಮ್ಮ ಬಗ್ಗೆ ವಿಡಿಯೋ ಮಾಡುವವರು ಅದು ಜಾಹೀರಾತು ಅಂತ ಸ್ಪಷ್ಟವಾಗಿ ಹೇಳಬೇಕು. ಜಾಹೀರಾತು ಮಾನದಂಡ ಮಂಡಳಿಯಾದ ಎಎಸ್‌ಸಿಐ 2021ರ ಮೇ ತಿಂಗಳಲ್ಲಿ ಈ ಬಗ್ಗೆ ಮಾರ್ಗಸೂಚಿ ತಂದಿತು. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷದವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಇದೆ. "ಗುರೆಳ್ಳು ಚಟ್ನಿ ತಿಂದರೆ ಮಂಡಿನೋವು ಮಾಯ" ಅಂತ ಯಾರೋ ಬರೆದಿದ್ದನ್ನು ನಿಮ್ಮ ಪೇಜ್‌ಗೆ ಹಾಕಿಕೊಳ್ಳಬೇಡಿ. ಚಟ್ನಿ ರುಚಿಯಾಗಿದೆ, ಅಷ್ಟು ಸಾಕು.

ಅಭ್ಯಾಸಕ್ಕೆ

ಮುಂದಿನ ಭಾನುವಾರ ಓದಲು ಸೇರುವಾಗ ಎಲ್ಲರೂ ಒಂದು ಕೆಲಸ ಮಾಡಿಕೊಂಡು ಬನ್ನಿ. ನಿಮ್ಮ ಮನೆಯ ವ್ಯಾಪಾರವಾದರೂ ಸರಿ, ಓಣಿಯ ಟೇಲರ್ ಅಕ್ಕನದಾದರೂ ಸರಿ. ಹೋದ ತಿಂಗಳು ಕೊಂಡವರಲ್ಲಿ ಎಷ್ಟು ಜನ ಎರಡನೇ ಸಲ ಬಂದವರು ಅಂತ ಎಣಿಸಿ. ಹೆಚ್ಚಿನವರಿಗೆ ಎಣಿಸಲು ಪುಸ್ತಕವೇ ಇರುವುದಿಲ್ಲ, ನಮಗೂ ಇರಲಿಲ್ಲ. ಇಲ್ಲದಿದ್ದರೆ ಅಂಗಡಿಯಿಂದ ಒಂದು ನೂರು ಪುಟದ ನೋಟ್‌ಬುಕ್ ತನ್ನಿ. ಮೇಲೆ ಹೇಳಿದ ಆರು ಕಲಂ ಗೀಟು ಹಾಕುವುದನ್ನು ಅವತ್ತು ಒಟ್ಟಿಗೆ ಕೂತು ಮಾಡೋಣ. ಚಿಗವ್ವನ ಹಳೆಯ ಪುಸ್ತಕವನ್ನು ನಾನು ತರುತ್ತೇನೆ. ಎಣ್ಣೆ ಕಲೆ ಇದೆ, ಆದರೆ ಅಕ್ಷರ ಓದಬಹುದು.