ಕೊಡವರ ಮದುವೆಗೆ ಮೊದಲ ಸಲ ಅಸಿಸ್ಟೆಂಟ್ ಫೋಟೋಗ್ರಾಫರ್ ಆಗಿ ಹೋಗ್ತಿದ್ದೀನಿ, ಯಾವ ಲೆನ್ಸ್ ತಗೊಂಡ್ ಹೋಗ್ಲಿ?

ಪ್ರಶ್ನೆ: ನಾನು ಕುಶಾಲನಗರದವನು. ಕ್ಯಾಮೆರಾ ಜೊತೆ ಕಿಟ್ ಲೆನ್ಸ್ ಮತ್ತೆ ಒಂದು 50 ಎಂಎಂ ಇದೆ. ನಮ್ಮೂರ ಸ್ಟುಡಿಯೋ ಅಣ್ಣ ವಿರಾಜಪೇಟೆ ಕಡೆ ಒಂದು ಕೊಡವರ ಮದುವೆ ಇದೆ, ಅಸಿಸ್ಟೆಂಟ್ ಆಗಿ ಬಾ ಅಂದಿದಾರೆ. ಆ ಮದುವೆಗಳನ್ನ ನಾನು ಊಟಕ್ಕೆ ಹೋದಾಗ ನೋಡಿದ್ದು ಅಷ್ಟೇ. ಬೇರೆ ಲೆನ್ಸ್ ಬಾಡಿಗೆಗೆ ತಗೋಬೇಕಾ? ಅಲ್ಲಿ ನನ್ನ ಕೆಲಸ ಏನಿರುತ್ತೆ?

ಲೆನ್ಸ್ ಬಾಡಿಗೆಗೆ ತಗೋಬೇಡಿ. ನಿಮ್ಮ 50 ಎಂಎಂ 1.8 ಇದ್ರೆ ಹಾಲ್ ಒಳಗೆ ಮುಕ್ಕಾಲು ಪಾಲು ಕೆಲಸ ಅದರಲ್ಲೇ ಆಗುತ್ತೆ, ಕಿಟ್ ಲೆನ್ಸ್ ಹೊರಗಡೆ ಬೆಳಕಲ್ಲಿ, ಜನ ಜಾಸ್ತಿ ಇರೋ ಕಡೆ ಸಾಕು. ಹೊಸಬರೆಲ್ಲ ಮೊದಲು ಕೇಳೋದು ಲೆನ್ಸ್ ಬಗ್ಗೆನೇ, ಆದ್ರೆ ನಿಜವಾಗಿ ತಲೆಕೆಡಿಸ್ಕೊಬೇಕಾಗಿರೋದು ಆ ಮದುವೇಲಿ ಯಾವುದಾದ ಮೇಲೆ ಯಾವುದು ನಡಿಯುತ್ತೆ, ಯಾರು ಯಾವ ಹೊತ್ತಲ್ಲಿ ಮುಂದೆ ಬರ್ತಾರೆ ಅನ್ನೋದರ ಬಗ್ಗೆ. ಅದು ಗೊತ್ತಿಲ್ಲದೆ ಲಕ್ಷ ರೂಪಾಯಿ ಲೆನ್ಸ್ ಹಿಡ್ಕೊಂಡು ನಿಂತ್ರೂ ಎಲ್ಲ ಆಗೋದು ನಿಮ್ಮ ಬೆನ್ನ ಹಿಂದೆ.

ಬೇರೆ ಕಡೆ ಮದುವೆ ನೋಡಿ ಅಭ್ಯಾಸ ಇರೋರು ಇಲ್ಲಿ ಎಡವೋದು ಒಂದೇ ಜಾಗದಲ್ಲಿ. ಪುರೋಹಿತರು ಇರ್ತಾರೆ, ಗಟ್ಟಿಮೇಳ ಅಂತಾರೆ, ಗಂಡು ತಾಳಿ ಕಟ್ತಾನೆ, ಆ ಒಂದು ಕ್ಷಣಕ್ಕೆ ಎಲ್ಲ ಕ್ಯಾಮೆರಾ ರೆಡಿ ಇರಬೇಕು ಅಂತ ಲೆಕ್ಕ ಹಾಕ್ಕೊಂಡು ಬರ್ತಾರೆ. ಕೊಡವರ ಪದ್ಧತಿಯಲ್ಲಿ ಪುರೋಹಿತರಿಲ್ಲ, ಹೋಮ ಇಲ್ಲ, ಸಪ್ತಪದಿ ಇಲ್ಲ, ಎಲ್ಲ ನಡೆಸೋದು ಮನೆ ಹಿರಿಯರು, ಸಾಕ್ಷಿ ಅಂದ್ರೆ ದೀಪ ಮತ್ತೆ ಗುರು ಕಾರೋಣರು, ಅಂದ್ರೆ ಮನೆತನದ ಪೂರ್ವಿಕರು. ತಾಳಿಯ ಹಾಗಿರೋ ಪತ್ತಾಕ್ ಅನ್ನೋ ಸರ ಹಾಕೋದು ಕೂಡ ಹುಡುಗಿಯ ತಾಯಿ, ಗಂಡಲ್ಲ. ಹಾಗಾಗಿ ಆ ತಾಯಿ ಎಷ್ಟೊತ್ತಿಗೆ, ಯಾವ ರೂಮಲ್ಲಿ ಪತ್ತಾಕ್ ಹಾಕ್ತಾರೆ ಅಂತ ಹಿಂದಿನ ದಿನವೇ ಕೇಳಿಟ್ಕೊಳ್ಳಿ, ಯಾಕಂದ್ರೆ ಅದಕ್ಕೆ ಮೈಕಲ್ಲಿ ಯಾರೂ ಅನೌನ್ಸ್ ಮಾಡಲ್ಲ, ರೂಮಲ್ಲಿ ನಾಲ್ಕೈದು ಜನ ಹೆಂಗಸರಿರ್ತಾರೆ, ಎರಡು ನಿಮಿಷದಲ್ಲಿ ಮುಗಿದೇ ಹೋಗುತ್ತೆ. ಪದ್ಧತಿ ನಾಡಿಂದ ನಾಡಿಗೆ, ಒಕ್ಕದಿಂದ ಒಕ್ಕಕ್ಕೆ (ಒಕ್ಕ ಅಂದ್ರೆ ಮನೆತನ) ಸ್ವಲ್ಪ ಹೆಚ್ಚುಕಮ್ಮಿ ಇರುತ್ತೆ, ಆದ್ರಿಂದ ಮನೆಯವರಲ್ಲಿ ಎಲ್ಲ ತಿಳಿದಿರೋ ಒಬ್ಬ ಹಿರಿಯರನ್ನ ಹಿಡಿದು ಕೂತು ಕೇಳೋದಕ್ಕಿಂತ ಒಳ್ಳೇ ದಾರಿ ಇಲ್ಲ. ಹಿಂದಿನ ದಿನ ಸಂಜೆ ಊರ್ ಕೂಡುವೊ ಇರುತ್ತಲ್ಲ, ಊರೋರೆಲ್ಲ ಸೇರಿ ತರಕಾರಿ ಹೆಚ್ಚೋದು, ಅಡುಗೆಗೆ ಕೈ ಹಾಕೋದು, ಅಲ್ಲಿಗೆ ಹೋಗಿ ಕೂತ್ರೆ ನಿಮಗೆ ಬೇಕಾದ ಮಾಹಿತಿ ಎಲ್ಲ ತಾನಾಗೇ ಸಿಗುತ್ತೆ, ನಿಮ್ಮ ಮುಖವೂ ಅವರಿಗೆ ಪರಿಚಯ ಆಗಿರುತ್ತೆ, ಮಾರನೇ ದಿನ ಕ್ಯಾಮೆರಾ ಎತ್ತಿದಾಗ ಯಾರೂ ಬಿಗಿಯಾಗಿ ಕೂರಲ್ಲ.

ಈಗ ಮುಖ್ಯವಾದದ್ದು ದಂಪತಿ ಮುಹೂರ್ತ. ಮದುಮಕ್ಕಳನ್ನ ಮುಕ್ಕಾಲಿ (ಮೂರು ಕಾಲಿನ ಮಣೆ) ಮೇಲೆ ಕೂರಿಸಿರ್ತಾರೆ, ಬಂದೋರು ಒಬ್ಬೊಬ್ಬರಾಗಿ ಬಂದು ಅಕ್ಕಿ ಹಾಕ್ತಾರೆ, ಮೊಣಕಾಲಿಗೆ, ಭುಜಕ್ಕೆ, ತಲೆಗೆ, ಆಮೇಲೆ ಕಿಂಡಿ ಅನ್ನೋ ಕೊಳವೆ ಬಾಯಿಯ ಪಾತ್ರೆಯಿಂದ ಒಂದು ಗುಟುಕು ಹಾಲು ಕುಡಿಸಿ ಕೈಗೆ ದುಡ್ಡು ಕೊಡ್ತಾರೆ. ಮೊದಲು ತಾಯಂದಿರು, ಹತ್ತಿರದ ಹಿರಿಯರು, ಆಮೇಲೆ ಉಳಿದೋರು. ಸಾಲು ಗಂಟೆಗಟ್ಟಲೆ ಇರುತ್ತೆ, ಕೊನೆಗೆ ಮದುಮಗನೇ ಹುಡುಗಿ ಕೈ ಹಿಡಿದು ಎಬ್ಬಿಸಿ ಕರ್ಕೊಂಡು ಹೋಗ್ತಾನೆ. ನಿಮ್ಮ ಸ್ಟುಡಿಯೋ ಅಣ್ಣ ಆ ಪೂರ್ತಿ ಹೊತ್ತು ಎದುರಿಗೇ ನಿಂತಿರ್ತಾರೆ, ಯಾರ ಫೋಟೋನೂ ತಪ್ಪಬಾರದು ಅಂತ ಒಬ್ಬೊಬ್ಬರನ್ನೂ ತೆಗಿತಾ ಇರ್ತಾರೆ, ಅವರು ಅಲ್ಲಾಡೋ ಹಾಗೇ ಇಲ್ಲ. ನೀವೂ ಅವರ ಪಕ್ಕದಲ್ಲೇ ನಿಂತು ಅದನ್ನೇ ತೆಗೆದ್ರೆ ಒಂದೇ ಫೋಟೋ ಎರಡು ಸಲ ಬಂದಂಗಾಯ್ತು, ಅದರಿಂದ ಯಾರಿಗೂ ಪ್ರಯೋಜನ ಇಲ್ಲ. ನೀವು ಸೈಡಿಗೆ ಹೋಗಿ, ಮದುಮಕ್ಕಳ ಬೆನ್ನಿಗೆ ಸ್ವಲ್ಪ ಓರೆಯಾಗಿ ನಿಲ್ಲಿ, ಆಗ ನಿಮಗೆ ಕಾಣೋದು ಅಕ್ಕಿ ಹಾಕೋಕೆ ಬಂದವರ ಮುಖ.

ಒಬ್ಬ ಅಜ್ಜಿ ಬರ್ತಾರೆ ಅಂದ್ಕೊಳ್ಳಿ. ಕೊಡವ ಸೀರೆ, ತಲೆಗೆ ವಸ್ತ್ರ, ಮೊಮ್ಮಗಳು ಮೊಣಕೈ ಹತ್ರ ಹಿಡ್ಕೊಂಡಿದಾಳೆ. ತಟ್ಟೆಯಿಂದ ಅಕ್ಕಿ ತಗೊಳ್ಳುವಾಗ ಬೆರಳು ನಡುಗಿ ಅರ್ಧ ಅಕ್ಕಿ ಕೆಳಗೇ ಬೀಳುತ್ತೆ, ಅಜ್ಜಿ ಅದನ್ನ ನೋಡೋದೂ ಇಲ್ಲ, ಕಣ್ಣೆಲ್ಲ ಹುಡುಗಿ ಮುಖದ ಮೇಲೆ, ಬಾಯಲ್ಲಿ ಏನೋ ಹೇಳ್ತಾ ಇರ್ತಾರೆ, ಭುಜಕ್ಕೆ ಹಾಕೋಕೆ ಕೈ ಮೇಲೆತ್ತಿದಾಗ ಹುಡುಗಿ ತಾನೇ ಸ್ವಲ್ಪ ಬಗ್ಗಿ ಭುಜ ಕೊಡ್ತಾಳೆ. ಎದುರಿಂದ ತೆಗೆದ ಫೋಟೋದಲ್ಲಿ ಇದ್ಯಾವುದೂ ಇರಲ್ಲ, ಅಜ್ಜಿಯ ಬೆನ್ನು, ವಸ್ತ್ರ, ಅಷ್ಟೇ. ಮದುವೆ ಆಗಿ ಒಂದಷ್ಟು ವರ್ಷ ಕಳೆದ ಮೇಲೆ ಮನೆಯವರು ಆಲ್ಬಮ್ ತೆಗೆದು ಹುಡುಕೋದು ಈ ಮುಖಗಳನ್ನ, ಆ ಹೊತ್ತಿಗೆ ಅವರಲ್ಲಿ ಎಷ್ಟೋ ಜನ ಇರೋದೂ ಇಲ್ಲ. ನಾನು ಅಸಿಸ್ಟೆಂಟ್ ಕೆಲಸವನ್ನ ಸಣ್ಣದು ಅಂತ ಯಾವತ್ತೂ ಅಂದ್ಕೊಂಡಿಲ್ಲ, ಯಾಕಂದ್ರೆ ಈ ಫೋಟೋ ತೆಗೆಯೋಕೆ ಬಿಡುವು ಇರೋದು ಅಸಿಸ್ಟೆಂಟಿಗೆ ಮಾತ್ರ.

ಎಕ್ಸ್‌ಪೋಷರ್ ವಿಷಯ ಸ್ವಲ್ಪ ಗಮನ ಇಟ್ಟು ಓದಿ. ಮದುಮಗ ಬಿಳಿ ಕುಪ್ಯ (ಕೊಡವರ ಉದ್ದ ಕೋಟು) ಹಾಕಿರ್ತಾನೆ, ಸುತ್ತ ನಿಂತಿರೋ ಗಂಡಸರು ಕರಿ ಕುಪ್ಯ, ಎಲ್ಲರಿಗೂ ಸೊಂಟಕ್ಕೆ ಸುತ್ತಿದ ಕೆಂಪು ಚೇಲೆ ಅನ್ನೋ ಬಟ್ಟೆ ಪಟ್ಟಿ, ಪಕ್ಕದಲ್ಲಿ ಹುಡುಗಿ ಕೆಂಪು ರೇಷ್ಮೆ ಸೀರೆ. ಕ್ಯಾಮೆರಾ ಮೀಟರ್‌ಗೆ ಬಿಳಿ ಜಾಸ್ತಿ ಕಂಡ್ರೆ ಫೋಟೋ ಕತ್ತಲೆ ಮಾಡುತ್ತೆ, ಕಪ್ಪು ಜಾಸ್ತಿ ಕಂಡ್ರೆ ಬೆಳ್ಳಗೆ ಮಾಡುತ್ತೆ, ಒಂದೇ ಜಾಗದಲ್ಲಿ ನಿಂತು ಸ್ವಲ್ಪ ಆಚೆ ಈಚೆ ತಿರುಗಿದ್ರೂ ರೀಡಿಂಗ್ ಬದಲಾಗುತ್ತೆ. ಹಾಲ್ ಒಳಗೆ ಬೆಳಕು ಬದಲಾಗದೆ ಇದ್ರೆ ಮ್ಯಾನುವಲ್‌ಗೆ ಹಾಕಿ, ಬಿಳಿ ಕುಪ್ಯದ ಮಡಿಕೆ ಕಾಣ್ತಿದೆಯಾ ಅಂತ ನೋಡಿ ಅಲ್ಲಿಗೆ ಫಿಕ್ಸ್ ಮಾಡಿಬಿಡಿ. ಕರಿ ಕುಪ್ಯದ ಡೀಟೇಲ್ ರಾ (ಕ್ಯಾಮೆರಾ ತಿದ್ದದ ಮೂಲ) ಫೈಲಲ್ಲಿ ಆಮೇಲೆ ಎಳೆದು ತರಬಹುದು, ಬಿಳಿ ಒಂದು ಸಲ ಸುಟ್ಟು ಹೋದ್ರೆ ಯಾವ ಸಾಫ್ಟ್‌ವೇರೂ ವಾಪಸ್ ತರಲ್ಲ. ಕೆಂಪು ಸೀರೆಗೂ ಇದೇ ಮಾತು, ಹಿಸ್ಟೋಗ್ರಾಮಲ್ಲಿ (ಕ್ಯಾಮೆರಾ ತೋರಿಸೋ ಬೆಳಕಿನ ಗ್ರಾಫ್) ಕೆಂಪು ಚಾನೆಲ್ ಬೇರೆಯಾಗಿ ನೋಡಿ, ಜರಿ ಮತ್ತೆ ರೇಷ್ಮೆಯ ನೇಯ್ಗೆ ಎರಡೂ ಒಂದೇ ಬಣ್ಣದ ಮುದ್ದೆ ಆಗಿಬಿಡುತ್ತೆ ಇಲ್ಲಾಂದ್ರೆ.

ಹೊಸ ಕ್ಯಾಮೆರಾದವರಿಗೆ ಇನ್ನೊಂದು ಮಾತು, ಸೈಲೆಂಟ್ ಶಟರ್ ಇದೆ ಅಂತ ಹಾಲ್ ಒಳಗೆ ಅದನ್ನೇ ಇಟ್ಕೋಬೇಡಿ. ನಮ್ಮ ಕರೆಂಟ್ 50 ಹರ್ಟ್ಸ್, ಎಷ್ಟೋ ಎಲ್‌ಇಡಿ ಲೈಟ್‌ಗಳು ಸೆಕೆಂಡಿಗೆ 100 ಸಲ ಮಿಣುಕ್ತವೆ, ಕಣ್ಣಿಗೆ ಕಾಣಲ್ಲ ಆದ್ರೆ ಫೋಟೋದಲ್ಲಿ ಅಡ್ಡಡ್ಡ ಪಟ್ಟೆ ಬರುತ್ತೆ. ಮೆಕ್ಯಾನಿಕಲ್ ಶಟರ್ ಹಾಕಿ, 1/100 ಇಟ್ರೆ ಹೆಚ್ಚಾಗಿ ತೊಂದರೆ ಇರಲ್ಲ. ಮದುವೆ ಐನ್‌ಮನೆಯಲ್ಲೇ (ಒಕ್ಕದ ಮೂಲ ಮನೆ) ಇದ್ರೆ ಫ್ಲ್ಯಾಶನ್ನ ಮೇಲಕ್ಕೆ ತಿರುಗಿಸಿ ಹೊಡೆಯೋ ಮುಂಚೆ ತಲೆ ಎತ್ತಿ ನೋಡಿ, ಮರದ ಮುಚ್ಚಿಗೆ ಇದ್ರೆ ಮುಖಕ್ಕೆಲ್ಲ ಕಂದು ಬಣ್ಣ ಬರುತ್ತೆ.

ಡಿಸೆಂಬರ್ ಜನವರಿ ಮದುವೆ ಆದ್ರೆ ಮಂಜಿನ ಕಡೆ ಜೋಪಾನ. ಬೆಳಿಗ್ಗೆ ಹೊರಗಡೆ ತಣ್ಣಗಿರೋ ಕ್ಯಾಮೆರಾವನ್ನ ಜನ ತುಂಬಿರೋ ಬೆಚ್ಚಗಿನ ಹಾಲ್ ಒಳಗೆ ತಂದ ಕೂಡಲೇ ಗ್ಲಾಸ್ ಮೇಲೆ ಹಬೆ ಕೂತುಬಿಡುತ್ತೆ, ಒರೆಸಿದ್ರೆ ಮತ್ತೆ ಕೂರುತ್ತೆ. ಬ್ಯಾಗಲ್ಲಿಟ್ಟು ಜಿಪ್ ಹಾಕಿ ಇಪ್ಪತ್ತು ನಿಮಿಷ ಮೊದಲೇ ಒಳಗಿಡಿ, ಅಷ್ಟೇ ಉಪಾಯ.

ಬಾಳೆ ಕಡಿಯೋದು ನೋಡಿರಬಹುದು ನೀವು. ಸಾಲಾಗಿ ನೆಟ್ಟಿರೋ ಬಾಳೆದಿಂಡನ್ನ ಒಡಿಕತ್ತಿಯಿಂದ ಒಂದೇ ಏಟಿಗೆ ಕಡೀಬೇಕು, ಆ ಗೌರವ ಯಾರಿಗೆ ಸಲ್ಲುತ್ತೋ ಅವರ ಹೆಸರು ಮೊದಲೇ ಕೇಳಿಟ್ಕೊಳ್ಳಿ. ಶಟರ್ 1/1000 ಆದ್ರೂ ಬೇಕು, ಬರ್ಸ್ಟ್ ಹಾಕಿ, ಕತ್ತಿ ಮೇಲೆತ್ತಿದಾಗಲೇ ಒತ್ತೋಕೆ ಶುರು ಮಾಡಿ. ಕಡಿಯೋರು ಬಲಗೈಯವರಾದ್ರೆ ಕತ್ತಿ ಬಲದಿಂದ ಎಡಕ್ಕೆ ಬೀಸುತ್ತೆ, ಮುಖ ಚೆನ್ನಾಗಿ ಕಾಣೋದೂ ಅವರ ಎಡಗಡೆಯಿಂದಲೇ, ದಿಂಡಿನ ತುಂಡು ಬೀಳೋದೂ ಆ ಕಡೆಗೇ, ಹಾಗಾಗಿ ಸಾಕಷ್ಟು ದೂರ ನಿಂತು ಝೂಮ್ ಮಾಡಿ. ಒಳ್ಳೇ ಆಂಗಲ್ ಸಿಗುತ್ತೆ ಅಂತ ಬಗ್ಗಿ ಹತ್ರ ಹೋಗೋರನ್ನ ನೋಡಿದಾಗ ನನಗೆ ನಿಜವಾಗಲೂ ಭಯ ಆಗುತ್ತೆ, ಅದು ಹರಿತವಾದ ಕತ್ತಿ ಕಣ್ರೀ, ಎಲ್ಲರ ಗಮನ ದಿಂಡಿನ ಮೇಲಿರುತ್ತೆ, ನಿಮ್ಮ ಮೇಲಲ್ಲ.

ಗ್ರೂಪ್ ಫೋಟೋ ಹೊತ್ತಲ್ಲಿ ನಿಮ್ಮ ಕೈಯಲ್ಲಿ ಕ್ಯಾಮೆರಾ ಬೇಡವೇ ಬೇಡ. ಒಕ್ಕದವರನ್ನೆಲ್ಲ ಒಂದೇ ಫ್ರೇಮಲ್ಲಿ ಸೇರಿಸೋದು ಅಂದ್ರೆ ದೊಡ್ಡ ಕೆಲಸ, ಒಬ್ಬರು ಬಂದ್ರೆ ಇನ್ನೊಬ್ಬರು ಊಟಕ್ಕೆ ಹೋಗಿರ್ತಾರೆ, ಮನೆಯವರಲ್ಲಿ ಎಲ್ಲರ ಹೆಸರು ಗೊತ್ತಿರೋ ಒಬ್ಬ ಅಕ್ಕನನ್ನೋ ಮಾವನನ್ನೋ ಜೊತೆ ಮಾಡ್ಕೊಂಡು ಜನ ಕರೆತರೋದು ನಿಮ್ಮ ಪಾಲಿನ ಕೆಲಸ. ಸೊಂಟದಲ್ಲಿ ಸಿಕ್ಕಿಸಿರೋ ಪೀಚೆಕತ್ತಿ ಓರೆಯಾಗಿದ್ಯಾ, ಚೇಲೆ ಜಾರಿದ್ಯಾ, ಮಂಡೆ ತುಣಿ (ಪೇಟ) ಸರಿಯಾಗಿ ಕೂತಿದ್ಯಾ, ಹಿಂದಿನ ಸಾಲಲ್ಲಿ ಯಾರ ಮುಖ ಮುಚ್ಚಿದೆ ಇದನ್ನೆಲ್ಲ ನೋಡಿ ಹೇಳಿ. ನೀವೇ ಕೈ ಹಾಕಿ ಸರಿ ಮಾಡೋಕೆ ಹೋಗ್ಬೇಡಿ, ಮನೆಯವರಿಗೆ ಹೇಳಿ ಮಾಡ್ಸಿ.

ಇನ್ನು ಗಂಗಾಪೂಜೆ, ಕೊಡವ ತಕ್ಕಲ್ಲಿ (ಕೊಡವ ಭಾಷೆಯಲ್ಲಿ) ನೀರ್ ಎಡ್ಪೊ ಅಂತಾರೆ. ಹುಡುಗಿ ಬಾವಿ ಹತ್ರ ಪೂಜೆ ಮಾಡಿ ತಲೆ ಮೇಲೆ ನೀರಿನ ಬಿಂದಿಗೆ ಹೊತ್ಕೊಂಡು ಗಂಡಿನ ಮನೆ ಒಳಗೆ ಹೋಗ್ಬೇಕು, ಗಂಡಿನ ಕಡೆಯೋರು ವಾಲಗಕ್ಕೆ ಕುಣೀತಾ ದಾರಿ ಬಿಡಲ್ಲ, ಹೀಗೆ ಎಷ್ಟೋ ಹೊತ್ತು ನಡಿಯುತ್ತೆ, ಅವಳು ನಿಂತೇ ಇರ್ಬೇಕು. ಆ ಹೊತ್ತಿಗೆ ನಿಮ್ಮ ಅಣ್ಣನಿಗೂ ಬೆಳಿಗ್ಗೆಯಿಂದ ನಿಂತು ಸಾಕಾಗಿರುತ್ತೆ, ಬ್ಯಾಟರಿ ಮುಗಿದಿರುತ್ತೆ, ಕತ್ತಲೆ ಬೇರೆ, ಇಲ್ಲಿ ಅಸಿಸ್ಟೆಂಟ್ ಚೆನ್ನಾಗಿದ್ರೆ ಮಾತ್ರ ಫೋಟೋ ಬರುತ್ತೆ. ಚಾರ್ಜ್ ಆಗಿರೋ ಬ್ಯಾಟರಿ ನಿಮ್ಮ ಜೇಬಲ್ಲಿರಲಿ. ಅವರು ಹಿಂದಕ್ಕೆ ಹೆಜ್ಜೆ ಹಾಕ್ತಾ ತೆಗಿತಿರ್ತಾರೆ, ಮೆಟ್ಟಿಲು, ಕಲ್ಲು, ವಯರ್ ಏನಿದ್ರೂ ಬೆನ್ನಿಗೆ ಕೈ ಇಟ್ಟು ತಿಳಿಸಿ. ನಿಮಗೆ ಕ್ಯಾಮೆರಾ ಹಿಡಿಯೋ ಅವಕಾಶ ಸಿಕ್ರೆ ಕುಣಿಯೋರನ್ನ ಒಂದಷ್ಟು ತೆಗೆದು ಬಿಟ್ಟುಬಿಡಿ, ಅದು ವಿಡಿಯೋದಲ್ಲಿ ಹೇಗೂ ಬರುತ್ತೆ, ಆಮೇಲೆ ಹುಡುಗಿಯ ಕಡೆ ತಿರುಗಿ. ಬಿಂದಿಗೆ ಹಿಡಿದ ಕೈ, ತುಳುಕಿದ ನೀರಿಗೆ ಒದ್ದೆಯಾದ ವಸ್ತ್ರ, ಎದುರಿಗೆ ಕುಣಿಯೋ ಮೈದುನನ್ನ ನೋಡಿ ನಗು ತಡ್ಕೊಳ್ಳೋದು, ಹುಡುಗಿಯ ಜೊತೆಗಿರೋ ಗೆಳತಿ, ಅಂದ್ರೆ ಬೋಜಕಾರ್ತಿ, ಕಿವಿಯಲ್ಲಿ ಏನೋ ಹೇಳೋದು. ಫ್ಲ್ಯಾಶ್ ಪವರ್ ಕಮ್ಮಿ ಇಟ್ಟು ಶಟರ್ 1/30ಕ್ಕೆ ಇಳಿಸಿದ್ರೆ ಕುಣಿತದ ಓಟವೂ ಸಿಗುತ್ತೆ, ಹಿಂದಿನ ದೀಪದ ಬೆಳಕೂ ಉಳಿಯುತ್ತೆ.

ನಡವಳಿಕೆ ಬಗ್ಗೆ ಜಾಸ್ತಿ ಹೇಳಲ್ಲ. ದೀಪ ಇರೋ ಕಡೆ ಚಪ್ಪಲಿ ಬಿಟ್ಟು ಹೋಗಿ. ಮದುವೇಲಿ ಡ್ರಿಂಕ್ಸ್ ಇರುತ್ತೆ, ಪ್ರೀತಿಯಿಂದ ನಿಮಗೂ ಕೊಡ್ತಾರೆ, ಕೆಲಸ ಇದೆ ಮಾವ ಅಂತ ಕೈ ಮುಗಿದ್ರೆ ಯಾರೂ ಬೇಜಾರ್ ಮಾಡ್ಕೊಳ್ಳಲ್ಲ, ಗ್ಲಾಸ್ ಹಿಡಿದಿರೋರ ಫೋಟೋ ಮಾತ್ರ ತೆಗೀಬೇಡಿ. ನಿಮ್ಮದೇ ವಿಸಿಟಿಂಗ್ ಕಾರ್ಡ್ ಹಂಚಬೇಡಿ, ನೀವು ಹೋಗಿರೋದು ಅಣ್ಣನ ಕೆಲಸಕ್ಕೆ. ಇನ್‌ಸ್ಟಾಗ್ರಾಮಿಗೆ ಹಾಕೋದಿದ್ರೆ ಅವರನ್ನ ಕೇಳಿ, ಅವರು ಮನೆಯವರನ್ನ ಕೇಳಲಿ.

ಹೋಗೋ ಮುಂಚೆ ದುಡ್ಡಿನ ಮಾತು ಆಗ್ಲೇಬೇಕು, ಸಂಕೋಚ ಬೇಡ. ದಿನಕ್ಕೆ ಎಷ್ಟು, ಊರ್ ಕೂಡುವೊ ಸಂಜೆ ಅದರಲ್ಲಿ ಸೇರಿದ್ಯಾ, ಪೆಟ್ರೋಲ್ ಯಾರದ್ದು, ನಿಮ್ಮ ಫೋಟೋಗಳನ್ನ ನೀವು ಪೋರ್ಟ್‌ಫೋಲಿಯೋಗೆ ಬಳಸಬಹುದಾ. ವಾಪಸ್ ಬರೋ ಗಾಡಿ ವ್ಯವಸ್ಥೆನೂ ಕೇಳಿ, ನೀರ್ ಎಡ್ಪೊ ಮುಗಿಯುವಾಗ ರಾತ್ರಿ ಎಷ್ಟಾಗುತ್ತೆ ಅಂತ ಹೇಳೋಕಾಗಲ್ಲ, ತೋಟದ ಒಳಗಿನ ಮನೆಯಿಂದ ಆ ಹೊತ್ತಲ್ಲಿ ಬಸ್ ಕನಸಿನ ಮಾತು.

ಬೆಳಿಗ್ಗೆ ಮೊದಲ ಫೋಟೋ ತೆಗೆಯೋ ಮುಂಚೆ ಎರಡೂ ಕ್ಯಾಮೆರಾದ ಗಡಿಯಾರ ಒಂದೇ ಟೈಮ್‌ಗೆ ಇಡಿ, ಸೆಕೆಂಡ್ ಕಾಣೋ ಒಂದು ಮೊಬೈಲ್ ಗಡಿಯಾರವನ್ನ ಎರಡರಲ್ಲೂ ಒಂದೊಂದು ಫೋಟೋ ತೆಗೆದಿಟ್ರೆ ಆಮೇಲೆ ಸಾವಿರಾರು ಫೋಟೋ ಜೋಡಿಸೋಕೆ ಸುಲಭ. ತುಂಬಿದ ಕಾರ್ಡ್ ಬೇರೆ ಡಬ್ಬಿಗೆ, ಖಾಲಿ ಕಾರ್ಡ್ ಬೇರೆ ಡಬ್ಬಿಗೆ. ರಾತ್ರಿ ಹೊರಡೋ ಮುಂಚೆ ಕಾರ್ಡ್‌ಗಳನ್ನ ಎಣಿಸಿ ಅಣ್ಣನ ಕೈಗೆ ಕೊಡಿ, ಎರಡು ಕಡೆ ಕಾಪಿ ಆಯ್ತು ಅಂತ ಅವರು ಹೇಳೋವರೆಗೆ ಯಾವ ಕಾರ್ಡನ್ನೂ ಫಾರ್ಮ್ಯಾಟ್ ಮಾಡ್ಬೇಡಿ.