ನಷ್ಟ ಯಾರ ಪಾಲಿಗೆ ಎಂದು ಮೊದಲು ಕೇಳಿ

ಇಸ್ಲಾಮಿಕ್ ಹಣಕಾಸಿನ, ಅಂದರೆ ಬಡ್ಡಿ ಇಲ್ಲದ ವ್ಯವಹಾರದ ಮೇಲೆ ಪಿಎಚ್‌ಡಿ ಮಾಡಬೇಕೆಂದು ಕಲಬುರಗಿಯಲ್ಲಿ ನನ್ನ ಬಳಿ ಬರುವ ಹುಡುಗ ಹುಡುಗಿಯರ ಪ್ರಸ್ತಾವನೆಗಳಲ್ಲಿ ಮಲೇಷ್ಯಾ ಇರುತ್ತದೆ, ಬಹರೇನ್ ಇರುತ್ತದೆ. ನಮ್ಮ ನೆಹರು ಗಂಜ್ ಮಾರುಕಟ್ಟೆ ಇರುವುದಿಲ್ಲ. ಇದು ನನಗೆ ನಿಜಕ್ಕೂ ಬೇಸರದ ಸಂಗತಿ.

ಇಸ್ಲಾಮಿಕ್ ಅರ್ಥಶಾಸ್ತ್ರದ ಬಗ್ಗೆ 1976ರಲ್ಲಿ ನಡೆದ ಮಕ್ಕಾ ಸಮ್ಮೇಳನದಿಂದಲೇ ಈ ಶಾಸ್ತ್ರ ಶುರುವಾಯಿತು ಎಂದು ಬರೆದು ಮುಂದೆ ಹೋಗುತ್ತಾರೆ. ಅದಕ್ಕೂ ಮೂರು ದಶಕ ಮೊದಲೇ, ಕಲಬುರಗಿ ಇನ್ನೂ ನಿಜಾಮರ ಸಂಸ್ಥಾನದಲ್ಲಿದ್ದಾಗ, ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಈ ಚರ್ಚೆ ಜೋರಾಗಿತ್ತು. ಅಲ್ಲಿನ ಅನ್ವರ್ ಇಕ್ಬಾಲ್ ಖುರೇಷಿ ಬಡ್ಡಿಯ ಸಿದ್ಧಾಂತದ ಮೇಲೆ ಬರೆದರು. ಮುಹಮ್ಮದ್ ಹಮೀದುಲ್ಲಾ ಹೈದರಾಬಾದಿನ ಬಡ್ಡಿರಹಿತ ಸಾಲದ ಸಂಘಗಳನ್ನೇ ಅಧ್ಯಯನ ಮಾಡಿದರು. ಉರ್ದು, ಕನ್ನಡ ಎರಡೂ ಬಲ್ಲ ನಮ್ಮ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ತಳಪಾಯ ಎಲ್ಲಿ ಸಿಕ್ಕೀತು?

ಇನ್ನು ವಿಷಯಕ್ಕೆ ಬರೋಣ. ಆರಂಭದ ವಿದ್ವಾಂಸರು ಎತ್ತಿಹಿಡಿದದ್ದು ಮುದಾರಬಾ ಪದ್ಧತಿಯನ್ನು. ಒಬ್ಬರದು ಬಂಡವಾಳ, ಇನ್ನೊಬ್ಬರದು ದುಡಿಮೆ. ಲಾಭ ಮೊದಲೇ ಒಪ್ಪಿದ ಪ್ರಮಾಣದಲ್ಲಿ ಹಂಚಿಕೆ, ಹಣದ ನಷ್ಟ ಬಂಡವಾಳ ಹಾಕಿದವರಿಗೆ. ಆದರೆ ಬ್ಯಾಂಕುಗಳಲ್ಲಿ ಹೆಚ್ಚು ಓಡಿದ್ದು ಮುರಾಬಹಾ. ದಾಲ್ ಮಿಲ್ಲಿಗೆ 10 ಲಕ್ಷದ ಯಂತ್ರ ಬೇಕು ಎನ್ನಿ. ಬ್ಯಾಂಕೇ ಅದನ್ನು ಕೊಂಡು, ತನ್ನ ಲಾಭ ಎಷ್ಟೆಂದು ಹೇಳಿ, 11.5 ಲಕ್ಷಕ್ಕೆ ಕಂತಿನ ಮೇಲೆ ಮಾರುತ್ತದೆ. ಕಂತು ತಡವಾದರೂ ಬೆಲೆ ಏರುವಂತಿಲ್ಲ. ತಡವಾದದ್ದಕ್ಕೆ ದಂಡ ವಸೂಲಾದರೆ ಅದು ದಾನಕ್ಕೆ ಹೋಗಬೇಕು. ಬಡ್ಡಿಯ ಮೇಲೆ ಬಡ್ಡಿ ಬೆಳೆಯುವ ಸಾಲಕ್ಕೂ ಇದಕ್ಕೂ ಇಲ್ಲಿ ನಿಜವಾದ ವ್ಯತ್ಯಾಸವಿದೆ.

ಸರಿ, ಆ ಯಂತ್ರ ಬ್ಯಾಂಕಿನ ಒಡೆತನದಲ್ಲಿ ಎಷ್ಟು ಹೊತ್ತು ಇತ್ತು? ಖರೀದಿ ಬಿಲ್ಲಿನ ತಾರೀಖು, ಮಾರಾಟ ಪತ್ರದ ತಾರೀಖು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಲಾರಿಯಲ್ಲಿ ಬರುವಾಗ ಯಂತ್ರ ಜಖಂ ಆಗಿದ್ದರೆ ಕೈ ಸುಟ್ಟುಕೊಳ್ಳುತ್ತಿದ್ದವರು ಯಾರು? ಬ್ಯಾಂಕ್ ಅಲ್ಲ ಎಂದಾದರೆ ಅದರ ಲಾಭಕ್ಕೆ ಆಧಾರವೇನು ಎಂದು ಪ್ರಬಂಧ ಉತ್ತರಿಸಬೇಕು. ಮಲೇಷ್ಯಾದ ಇಸ್ಲಾಮಿಕ್ ಠೇವಣಿಗಳ ಪ್ರತಿಫಲ ಅಲ್ಲಿನ ಬಡ್ಡಿದರದ ಹಿಂದೆಯೇ ನಡೆಯುತ್ತದೆ ಎಂದು ಸಂಶೋಧಕರಾದ ಚಾಂಗ್ ಮತ್ತು ಲಿಯು 2009ರಲ್ಲಿ ತೋರಿಸಿದ್ದಾರೆ. ಇದನ್ನು ಶ್ರದ್ಧೆಗೆ ಬಿದ್ದ ಪೆಟ್ಟು ಎಂದು ಮುಚ್ಚಿಡುವ ವಿದ್ಯಾರ್ಥಿಯೂ, ಇದೊಂದನ್ನೇ ಹಿಡಿದು ಎಲ್ಲವೂ ಬೂಟಾಟಿಕೆ ಎನ್ನುವ ವಿದ್ಯಾರ್ಥಿಯೂ ನನಗೆ ಬೇಡ.

ನಮ್ಮಲ್ಲಿ ಬ್ಯಾಂಕುಗಳು ಸರಕು ಕೊಂಡು ಮಾರುವುದನ್ನು 1949ರ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 8ನೇ ಕಲಮು ತಡೆಯುತ್ತದೆ. 2008ರಲ್ಲಿ ರಘುರಾಮ್ ರಾಜನ್ ಸಮಿತಿ ಬಡ್ಡಿರಹಿತ ಬ್ಯಾಂಕಿಂಗ್‌ಗೆ ಶಿಫಾರಸು ಮಾಡಿತ್ತು. 2017ರಲ್ಲಿ ರಿಸರ್ವ್ ಬ್ಯಾಂಕ್ ಆ ಪ್ರಸ್ತಾಪ ಕೈಬಿಟ್ಟಿತು. ಹಾಗಾಗಿ ಇಲ್ಲಿ ಅಧ್ಯಯನಕ್ಕೆ ಸಿಗುವುದು ಬೈತುಲ್ ಮಾಲ್‌ಗಳು (ಸಮುದಾಯದ ನಿಧಿಗಳು), ಬಡ್ಡಿರಹಿತ ಸೊಸೈಟಿಗಳು. ಬಂಗಾರ ಅಡ ಇಟ್ಟುಕೊಂಡೋ ಜಾಮೀನಿನ ಮೇಲೋ ಸಾಲ ಕೊಡುತ್ತಾರೆ, ಸರ್ವಿಸ್ ಚಾರ್ಜ್ ತೆಗೆದುಕೊಳ್ಳುತ್ತಾರೆ. ಆಗುವ ಖರ್ಚಿನಷ್ಟೇ ಸೇವಾ ಶುಲ್ಕ ಪಡೆಯಬಹುದೆಂದು ಅಂತರರಾಷ್ಟ್ರೀಯ ಫಿಖ್ (ಇಸ್ಲಾಮಿಕ್ ಧರ್ಮಶಾಸ್ತ್ರ) ಅಕಾಡೆಮಿ 1986ರಲ್ಲೇ ಹೇಳಿದೆ. ಈ ಮಾತನ್ನು ಲೆಕ್ಕದ ಬುಕ್ಕಿನಲ್ಲಿ ಪರೀಕ್ಷಿಸಬಹುದು. ಐದು ಸಾವಿರದ ಸಾಲಕ್ಕೂ ಐವತ್ತು ಸಾವಿರದ ಸಾಲಕ್ಕೂ ಬರೆಯುವ ಕೆಲಸ ಒಂದೇ. ಶುಲ್ಕ ಮಾತ್ರ ಹತ್ತು ಪಟ್ಟಾದರೆ, ತಿಂಗಳು ಕಳೆದಂತೆ ಏರುತ್ತ ಹೋದರೆ, ಅದನ್ನು ಖರ್ಚು ಎನ್ನಲು ಬರುವುದಿಲ್ಲ. ಬಾಡಿಗೆ, ಗುಮಾಸ್ತರ ಪಗಾರ, ಕಾಗದ ಎಲ್ಲ ಕೂಡಿಸಿ ಸಾಲಗಳ ಸಂಖ್ಯೆಯಿಂದ ಭಾಗಿಸಿ ನೋಡಿ, ಯಾವ ಸೊಸೈಟಿ ಮಾತು ಉಳಿಸಿಕೊಂಡಿದೆ ಎಂದು ಗೊತ್ತಾಗುತ್ತದೆ.

ಇದು ಬರೀ ಪಾಂಡಿತ್ಯದ ಪ್ರಶ್ನೆಯಲ್ಲ. 2019ರಲ್ಲಿ ಬೆಂಗಳೂರಿನ ಐಎಂಎ ಎಂಬ ಹೂಡಿಕೆ ಕಂಪನಿ ಕುಸಿದಾಗ, ಹಲಾಲ್ ಎಂಬ ಒಂದೇ ಮಾತಿಗೆ ಒಡವೆ ಮಾರಿ ದುಡ್ಡು ಹಾಕಿದವರು ಬೀದಿಗೆ ಬಂದರು. ಲಾಭ ಎಲ್ಲಿಂದ ಬರುತ್ತಿದೆ ಎಂದು ಲೆಕ್ಕಪತ್ರ ಕೇಳುವವರು ಆಗ ಬೇಕಿತ್ತು.

ಇನ್ನೂ ಯಾರೂ ನನ್ನ ಬಳಿ ತರದ ಒಂದು ವಿಷಯವಿದೆ. ಹೊಲ ಪಾಲಿಗೆ ಕೊಡುವುದನ್ನು ಫಿಖ್ ಗ್ರಂಥಗಳು ಮುಜಾರಅ ಎಂಬ ಹೆಸರಿನಲ್ಲಿ ವಿವರವಾಗಿ ಚರ್ಚಿಸುತ್ತವೆ. 2022ರಲ್ಲಿ ನಮ್ಮ ತೊಗರಿಗೆ ನೆಟೆ ರೋಗ ಬಿತ್ತು. ಬೀಜ, ಗೊಬ್ಬರದ ದುಡ್ಡು ಹೊಲದ ಮಾಲೀಕರ ತಲೆಗೆ ಬಂತೋ, ಪಾಲಿಗೆ ಮಾಡಿದವರ ತಲೆಗೆ ಬಂತೋ? ಆಳಂದ, ಜೇವರ್ಗಿಯ ನಾಲ್ಕು ಹಳ್ಳಿ ತಿರುಗಿ, ಮುಸ್ಲಿಮರು, ಲಿಂಗಾಯತರು, ದಲಿತರು ಎನ್ನದೆ ಎಲ್ಲರನ್ನೂ ಕೇಳಿ ಬರೆದುಕೊಂಡು ಬರುವವರಿದ್ದರೆ ನಾನು ಮಾರ್ಗದರ್ಶನ ಮಾಡಲು ಸಿದ್ಧ.